ಜೋಡಿ ಕಾರ್ಬುರೇಟರ್: ಬಿಗಿಯುವಾಗ ಕೆಡುವ ಟ್ಯೂನಿಂಗ್

ಎಲ್ಲರಿಗೂ ನಮಸ್ಕಾರ.

ಎಂಜಿನ್‌ಗೆ ಗಾಳಿ ಮತ್ತು ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರ್ ಎರಡಿದ್ದಾಗ ಅವನ್ನು ಹೊಂದಿಸುವುದು ಹೇಗೆ ಅಂತ, ಇವತ್ತು ಎಂಜಿ ಕಂಪನಿಯ ಎಂಜಿಬಿ ಸ್ಪೋರ್ಟ್ಸ್ ಕಾರನ್ನೇ ಮುಂದಿಟ್ಟುಕೊಂಡು ಮಾತಾಡುತ್ತೇನೆ. 1962ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾಗಲು ಶುರುವಾದ ಗಾಡಿ ಇದು. 1798 ಸಿಸಿ ಎಂಜಿನ್, ಪಕ್ಕದಲ್ಲಿ ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್. ಎಸ್‌ಯು ಕಂಪನಿ ಕಟ್ಟಿದವರು ಸ್ಕಿನ್ನರ್ ಸಹೋದರರು. 1926ರಲ್ಲಿ ಎಂಜಿಯ ಒಡೆಯ ವಿಲಿಯಂ ಮಾರಿಸ್ ಅದನ್ನು ಕೊಂಡ ಮೇಲೆ ಎಂಜಿ ಕಾರುಗಳಿಗೆ ಅದು ಮನೆಯ ಮಾಲೇ ಆಯಿತು. ನಮ್ಮ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಕೂಡ ಇದೇ ಬಿ-ಸೀರೀಸ್ ಕುಟುಂಬದ್ದು. ಅಂಬಾಸಿಡರ್ ಬಿಚ್ಚಿ ಕಟ್ಟಿದ ಕೈಗೆ ಈ ಎಂಜಿನ್ ಹೊಸದು ಅನಿಸುವುದಿಲ್ಲ. ಹೊಸದು ಅಂದರೆ ಈ ಜೋಡಿ ಕಾರ್ಬುರೇಟರೇ.

ಗಾಡಿ ಮಿಸ್ಸಿಂಗ್ ಹೊಡೆದ ತಕ್ಷಣ ಕಾರ್ಬುರೇಟರ್‌ಗೆ ಕೈ ಹಾಕಬೇಡಿ. ಮೊದಲು ಟ್ಯಾಪೆಟ್, ಅಂದರೆ ವಾಲ್ವ್ ಮೇಲಿನ ಸಂದು, 0.015 ಇಂಚು ಇದೆಯಾ, ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ಸ್ ಗ್ಯಾಪ್ ಸರಿ ಇದೆಯಾ, ಕಿಡಿ ಹಾರುವ ಟೈಮಿಂಗ್ ಜಾಗದಲ್ಲಿದೆಯಾ ನೋಡಿ. ಆಮೇಲೆ ಏರ್ ಲೀಕ್. ಎಂಜಿನ್ ಓಡುತ್ತಿರುವಾಗ ಥ್ರಾಟಲ್ ಸ್ಪಿಂಡಲ್‌ನ, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆಯ ಕಡ್ಡಿಯ, ಎರಡೂ ತುದಿಗೆ ಒಂದೆರಡು ಹನಿ ಎಣ್ಣೆ ಬಿಡಿ. ಐಡ್ಲಿಂಗ್ ಬದಲಾದರೆ ಸ್ಪಿಂಡಲ್ ಸವೆದು ಗಾಳಿ ಎಳೆಯುತ್ತಿದೆ ಅಂತ ಅರ್ಥ. ಅದನ್ನು ಸರಿಪಡಿಸದೆ ಎಷ್ಟು ಟ್ಯೂನ್ ಮಾಡಿದರೂ ನಿಲ್ಲುವುದಿಲ್ಲ. ಲೀಕ್ ಇದೆ ಅಂತ, ಕಾರ್ಬುರೇಟರನ್ನು ಎಂಜಿನ್ ಕಡೆಗೆ ಕೂರಿಸುವ ಫ್ಲೇಂಜಿನ ನಟ್ಟುಗಳನ್ನು ಜೋರಾಗಿ ತಿರುಚುವವರೂ ಇದ್ದಾರೆ. ಆ ಫ್ಲೇಂಜ್ ಮೆತ್ತಗಿನ ಲೋಹ, ಬಾಗುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ. ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಸ್ವಲ್ಪ ಅಂತ ಸಮನಾಗಿ ಬಿಗಿದರೆ ಸಾಕು.

ಈಗ ಕಾರ್ಬುರೇಟರ್. ಎರಡರ ನಡುವಿನ ಥ್ರಾಟಲ್ ಕ್ಲ್ಯಾಂಪುಗಳನ್ನೂ ಚೋಕ್ ಲಿಂಕ್‌ನ ಕ್ಲ್ಯಾಂಪುಗಳನ್ನೂ ಸಡಿಲಿಸಿ. ಎರಡೂ ಬೇರೆ ಬೇರೆಯಾಗಿ ತಿರುಗಬೇಕು. ಥ್ರಾಟಲ್ ಪೂರ್ತಿ ಮುಚ್ಚುವವರೆಗೆ ಐಡ್ಲಿಂಗ್ ಸ್ಕ್ರೂ ಹಿಂದಕ್ಕೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಒಳಕ್ಕೆ. ಜೆಟ್ ಅನ್ನು, ಅಂದರೆ ಪೆಟ್ರೋಲ್ ಬರುವ ಕೊಳವೆಯನ್ನು, ಬ್ರಿಡ್ಜ್ ಮಟ್ಟಕ್ಕೆ (ಗಾಳಿ ದಾರಿಯ ತಳದಲ್ಲಿರುವ ದಿಬ್ಬದ ಮಟ್ಟಕ್ಕೆ) ತಂದು, ಕೆಳಗಿನ ನಟ್ಟನ್ನು ಎರಡು ಪೂರ್ತಿ ಸುತ್ತು ಇಳಿಸಿ. ಎರಡಕ್ಕೂ ಒಂದೇ ಲೆಕ್ಕ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಮೊದಲು ಗಾಳಿ, ಆಮೇಲೆ ಪೆಟ್ರೋಲ್. ಈ ಕ್ರಮ ತಪ್ಪಿಸಬೇಡಿ.

ಗಾಳಿಗೆ ಬೇಕಾದ್ದು ಒಂದು ರಬ್ಬರ್ ಪೈಪು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. 'ಸ್' ಅಂತ ಹಿಸ್ಸು ಕೇಳುತ್ತದೆ. ಎರಡೂ ಕಡೆ ಪೈಪನ್ನು ಒಂದೇ ಜಾಗದಲ್ಲಿ ಹಿಡಿಯಬೇಕು, ಇಲ್ಲದಿದ್ದರೆ ಕಿವಿಗೆ ಮೋಸ. ಎರಡೂ ಒಂದೇ ಜೋರಿನಲ್ಲಿ ಕೇಳುವವರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ. ಗಾಳಿ ಅಳೆಯುವ ಮೀಟರ್ ಇದ್ದರೆ ಬಳಸಿ, ಆದರೆ ಕಿವಿಯನ್ನೂ ಪಳಗಿಸಿಕೊಳ್ಳಿ.

ಮಿಕ್ಸ್ಚರ್‌ಗೆ ಕಾರ್ಬುರೇಟರ್ ಪಕ್ಕದ ಸಣ್ಣ ಪಿನ್ ಒತ್ತಿ, ಅದರೊಳಗಿನ ಪಿಸ್ಟನ್ ಅನ್ನು ಸುಮಾರು 0.8 ಮಿಲಿಮೀಟರ್ ಎತ್ತಿ. ಎಂಜಿನ್ ವೇಗ ಒಂದು ಕ್ಷಣ ತುಸು ಏರಿ ವಾಪಸ್ ಬಂದರೆ ಸರಿ. ಏರಿ ಅಲ್ಲೇ ನಿಂತರೆ ರಿಚ್ (ಪೆಟ್ರೋಲ್ ಜಾಸ್ತಿ), ಜೆಟ್ ನಟ್ಟು ಮೇಲಕ್ಕೆ. ತಕ್ಷಣ ಕುಸಿದರೆ ಲೀನ್ (ಪೆಟ್ರೋಲ್ ಕಮ್ಮಿ), ನಟ್ಟು ಕೆಳಕ್ಕೆ. ಒಂದು ಸಲಕ್ಕೆ ನಟ್ಟಿನ ಆರು ಮುಖಗಳಲ್ಲಿ ಒಂದೇ ಮುಖದಷ್ಟು ತಿರುಗಿಸಿ. ಒಂದನ್ನು ಮುಟ್ಟಿದರೆ ಇನ್ನೊಂದೂ ಅಲುಗುತ್ತದೆ, ಹಾಗಾಗಿ ಹಿಂದು ಮುಂದು ಮಾಡುತ್ತಲೇ ಇರಬೇಕು. ಸೈಲೆನ್ಸರ್ ಸದ್ದೂ ಹೇಳುತ್ತದೆ. ಲಯಬದ್ಧವಾಗಿ ಮಿಸ್ ಆಗಿ ಕಪ್ಪು ಹೊಗೆ ಬಂದರೆ ರಿಚ್. ಹೊಗೆಯ ಬಣ್ಣವೇ ಇಲ್ಲದೆ ಲಯ ತಪ್ಪಿ ಮಿಸ್ ಆದರೆ ಲೀನ್.

ಇಲ್ಲಿಯವರೆಗೆ ಬಹಳ ಜನ ಚೆನ್ನಾಗೇ ಮಾಡುತ್ತಾರೆ. ಕೆಡುವುದು ಇದರ ಮುಂದೆ, ಕ್ಲ್ಯಾಂಪ್ ಬಿಗಿಯುವಾಗ. ಒಂದೇ ಸ್ಪ್ಯಾನರ್ ಹಾಕಿ ಎಳೆದರೆ ನಟ್ಟಿನ ಜೊತೆ ಲಿವರ್ ತಿರುಗುತ್ತದೆ, ಲಿವರ್ ಜೊತೆ ಸ್ಪಿಂಡಲ್ ಕೂದಲೆಳೆಯಷ್ಟು ಜರುಗುತ್ತದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ತೆರೆದಿರುವುದೇ ಅಷ್ಟು. ಅಲ್ಲಿಗೆ ಮಾಡಿದ ಕೆಲಸವೆಲ್ಲ ಹೋಯಿತು, ಅಲ್ವಾ? ಅದಕ್ಕೇ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿಯಲು, ಒಂದು ಬಿಗಿಯಲು.

ಬಿಗಿಯುವ ಮುನ್ನ ಥ್ರಾಟಲ್ ಸ್ಟಾಪ್ ಮತ್ತು ಚೋಕ್ ರಾಡ್ ನಡುವೆ 0.012 ಇಂಚಿನ ಫೀಲರ್ ಗೇಜ್ ಇಡಿ. ಲಿವರ್‌ನ ಪಿನ್, ಕವೆಯಂತಿರುವ ಫೋರ್ಕಿನ ಕೆಳಗಿನ ಕೈಗೆ ಸುಮ್ನೆ ತಾಗುವಷ್ಟು ಇಳಿಸಿ, ಆಗ ಬಿಗಿಯಿರಿ. ಗೇಜ್ ತೆಗೆದಾಗ ಪಿನ್ನಿಗೆ ಸ್ವಲ್ಪ ಜಾಗ ಉಳಿಯಬೇಕು. ಎರಡೂ ಕಡೆ ಸಮ ಉಳಿದರೆ ಆಕ್ಸಿಲರೇಟರ್ ಒತ್ತಿದಾಗ ಎರಡೂ ಥ್ರಾಟಲ್ ಒಟ್ಟಿಗೇ ತೆರೆಯುತ್ತವೆ. ಬಿಗಿದಾದ ಮೇಲೆ ಪೈಪು ಮತ್ತೆ ಕಿವಿಗಿಡಿ. ಐಡ್ಲಿಂಗ್‌ನಲ್ಲಿ ಕೇಳಿ, 1500 ಆರ್‌ಪಿಎಂಗೆ ಏರಿಸಿ ಇನ್ನೊಮ್ಮೆ ಕೇಳಿ. ಐಡ್ಲಿಂಗ್‌ನಲ್ಲಿ ಸಮ ಇದ್ದು ವೇಗದಲ್ಲಿ ತಪ್ಪಿದರೆ ತಪ್ಪು ಲಿಂಕೇಜಿನದು, ಸ್ಕ್ರೂ ಮುಟ್ಟಬೇಡಿ.

ಪಿಕಪ್ ಎಳೆದಾಡಿದರೆ ಡ್ಯಾಶ್‌ಪಾಟ್, ಅಂದರೆ ಪಿಸ್ಟನ್ ಮೇಲಿನ ಗುಮ್ಮಟದ, ಎಣ್ಣೆ ನೋಡಿ. 20 ಗ್ರೇಡ್ ಎಂಜಿನ್ ಆಯಿಲ್ ಸಾಕು. ಎಣ್ಣೆ ಇಲ್ಲದಿದ್ದರೆ ಪಿಸ್ಟನ್ ದಡಕ್ಕನೆ ಮೇಲೇಳುತ್ತದೆ, ಗಾಳಿ ಜಾಸ್ತಿಯಾಗಿ ಗಾಡಿ ತಡವರಿಸುತ್ತದೆ. ಡ್ಯಾಶ್‌ಪಾಟ್ ಮತ್ತು ಪಿಸ್ಟನ್ ಒಂದಕ್ಕೊಂದು ಹೊಂದಿಸಿದ ಜೋಡಿ, ತೊಳೆಯುವಾಗ ಅದಲು ಬದಲು ಮಾಡಬೇಡಿ.

ಕೊನೆಗೆ ಏರ್ ಫಿಲ್ಟರ್ ಹಾಕಿ, ಪಕ್ಕದ ಸಣ್ಣ ಪಿನ್ ಒತ್ತಿ ಮಿಕ್ಸ್ಚರ್ ಇನ್ನೊಮ್ಮೆ ನೋಡಿ. ಒಂದು ಸುತ್ತು ಓಡಿಸಿಕೊಂಡು ಬಂದು ನಾಲ್ಕೂ ಪ್ಲಗ್ ಬಿಚ್ಚಿ, 1 ಮತ್ತು 2 ಒಂದು ಕಡೆ, 3 ಮತ್ತು 4 ಇನ್ನೊಂದು ಕಡೆ ಇಡಿ. ಮುಂದಿನ ಕಾರ್ಬುರೇಟರ್ ಮುಖ್ಯವಾಗಿ ಮೊದಲ ಜೋಡಿಗೆ, ಹಿಂದಿನದು ಎರಡನೆಯದಕ್ಕೆ ಪೆಟ್ರೋಲ್ ಕೊಡುತ್ತದೆ. ಒಂದು ಜೋಡಿ ಕಪ್ಪು, ಇನ್ನೊಂದು ಬಿಳಿಚಿಕೊಂಡಿದ್ದರೆ ಯಾವ ನಟ್ಟಿಗೆ ಕೈ ಹಾಕಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.