ಹತ್ತಕ್ಕೆ ಎಷ್ಟು ನೋವು?

ಈ ಕ್ಲಿಪ್‌ನಲ್ಲಿ ಗೋಡೆ ಹಿಡಿದು ಬಾಗಿ ನಡೆಯುತ್ತಿರುವವಳು ನಾನೇ. ಅಂಡಾಶಯದ ಆಪರೇಷನ್ ಆಗಿ ಆಗಿನ್ನೂ ಒಂದು ದಿನ ಕಳೆದಿರಲಿಲ್ಲ. ಮೊಬೈಲ್ ಹಿಡಿದವನು ತಮ್ಮ. ನಗಿಸಬೇಡ ಅಂತ ಅವನಿಗೆ ಬೈಯುತ್ತಿದ್ದೇನೆ, ಕೇಳಿಸಿತಾ? ನಕ್ಕರೆ ಹೊಲಿಗೆ ಎಳೆಯುತ್ತಿತ್ತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಮುಟ್ಟಿನ ನೋವು ನನಗೆ ಪಿಯುಸಿಯಿಂದಲೂ ಇತ್ತು. "ಹೆಣ್ಮಕ್ಕಳಿಗೆ ಇದೆಲ್ಲಾ ಇರೂದ ಬಿಡು" ಅನ್ನುತ್ತಿದ್ದಳು ಅವ್ವ. ಬಿಸಿನೀರಿನ ಚೀಲ, ಒಂದು ಮಾತ್ರೆ, ಒಂದು ದಿನ ರಜೆ. ಹಾಗೇ ಹನ್ನೆರಡು ವರ್ಷ ನಡೆಯಿತು. ಒಂದು ದಿನ ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ತಲೆ ಸುತ್ತಿ ಕೂತುಬಿಟ್ಟೆ. ಆಮೇಲೆ ಸ್ಕ್ಯಾನ್ ಮಾಡಿಸಿದ್ದು. ಎಡ ಅಂಡಾಶಯದಲ್ಲಿ 7 ಸೆಂಟಿಮೀಟರ್ ಸಿಸ್ಟ್, ಅಂದರೆ ದ್ರವ ತುಂಬಿದ ಗಂಟು.

ಡಾಕ್ಟರ್ ಕೇಳಿದರು, "ನೋವು ಹತ್ತಕ್ಕೆ ಎಷ್ಟು?" "ನಾಲ್ಕು" ಅಂದೆ. "ನಾಲ್ಕಕ್ಕೆ ಯಾರೂ ಬಸ್ ಸ್ಟ್ಯಾಂಡಿನಲ್ಲಿ ಬೀಳೋದಿಲ್ಲಮ್ಮ" ಅಂದರು.

ಅವರು ಹೇಳಿದ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಬೆಳೆಯುತ್ತದೆ. ಅಂಡಾಶಯದಲ್ಲಿ ಬೆಳೆದರೆ ರಕ್ತ ಅಲ್ಲೇ ಉಳಿದು, ಹಳೆಯದಾಗಿ, ಗಟ್ಟಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಚಾಕೊಲೇಟ್ ಸಿಸ್ಟ್ ಅನ್ನುತ್ತಾರೆ. ಧಾರವಾಡದವಳಿಗೆ ಪೇಢಾ ಸಿಸ್ಟ್ ಆಗಬೇಕಿತ್ತು ಅಂದ ನನ್ನ ತಮ್ಮ.

ಆಪರೇಷನ್‌ಗೂ ಮೊದಲಿನ ದಿನಗಳೇ ಕಷ್ಟ, ನಿಜ ಹೇಳಬೇಕೆಂದರೆ. ಸಿಎ-125 ಅನ್ನೋ ರಕ್ತಪರೀಕ್ಷೆ ಜಾಸ್ತಿ ಬಂತು. ಹುಬ್ಬಳ್ಳಿಯಿಂದ ಮರಳುವಾಗ ಚಿಗರಿ ಬಸ್ಸಿನಲ್ಲಿ ಗೂಗಲ್ ಮಾಡಿದೆ. ಕ್ಯಾನ್ಸರ್ ಅಂತ ಓದಿ ಉಣಕಲ್ ಕೆರೆ ದಾಟುವವರೆಗೂ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಮರುದಿನ ಡಾಕ್ಟರ್ ಹೇಳಿದರು, ಈ ಕಾಯಿಲೆಯಲ್ಲೂ ಅದು ಏರುತ್ತದೆ, ಅದೊಂದನ್ನೇ ನೋಡಿ ಕ್ಯಾನ್ಸರ್ ಅನ್ನೋಕಾಗಲ್ಲ ಅಂತ. ಅಂಡಾಣುಗಳ ಸಂಗ್ರಹ ಎಷ್ಟಿದೆ ಅಂತ ಅಂದಾಜು ಕೊಡುವ ಎಎಂಎಚ್ ಅನ್ನೋ ರಕ್ತಪರೀಕ್ಷೆ ಕೂಡ ಮಾಡಿಸಿದರು. ಸಿಸ್ಟ್ ಬಿಡಿಸುವಾಗ ಅದರ ಜೊತೆ ಒಳ್ಳೆಯ ಭಾಗವೂ ಸ್ವಲ್ಪ ಹೋಗಿ, ಅಂಡಾಣುಗಳ ಸಂಗ್ರಹ ಕಡಿಮೆಯಾಗಬಹುದಂತೆ. ನನಗಿನ್ನೂ ಮದುವೆಯಾಗಿಲ್ಲ. ಮಕ್ಕಳ ಬಗ್ಗೆ ಏನೂ ಯೋಚಿಸಿಲ್ಲ. ಆದರೂ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು.

ಸಹಿ ಹಾಕುವ ಕಾಗದ ಓದದೆ ಹಾಕಬೇಡಿ. ದುರ್ಬೀನಿನಲ್ಲಿ (ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಲ್ಯಾಪರೊಸ್ಕೋಪಿಯಲ್ಲಿ) ಆಗದಿದ್ದರೆ ಹೊಟ್ಟೆ ತೆರೆಯುತ್ತೇವೆ, ಅಗತ್ಯ ಬಿದ್ದರೆ ಅಂಡಾಶಯ ತೆಗೆಯುತ್ತೇವೆ ಅಂತ ಅದರಲ್ಲಿತ್ತು. "ಅಗತ್ಯ ಅಂದರೆ ಯಾವಾಗ ಸರ್?" ಅಂತ ಕೇಳಿದೆ. ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಆ ಹತ್ತು ನಿಮಿಷದಿಂದ ರಾತ್ರಿ ಒಂದಿಷ್ಟು ನಿದ್ದೆ ಬಂತು. ಉಳಿದದ್ದು ಗೊತ್ತೇ ಇರುತ್ತೆ. ತಿಳಿ ಊಟ, ಆಮೇಲೆ ಉಪವಾಸ, ನೇಲ್ ಪಾಲಿಶ್ ಅಳಿಸು, ಬಳೆ ಮೂಗುತಿ ತೆಗಿ.

ಎಚ್ಚರವಾದಾಗ ಹೊಟ್ಟೆಗಿಂತ ಬಲ ಭುಜ ನೋಯುತ್ತಿತ್ತು. ಇದನ್ನು ಯಾರೂ ನನಗೆ ಹೇಳಿರಲಿಲ್ಲ! ಒಳಗೆ ಕಾಣಲಿ ಅಂತ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತಾರೆ. ಅದು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು, ಕೆಣಕಿದರೆ ನೋವು ಭುಜದಲ್ಲಿ ಕಾಣಿಸುತ್ತದೆ. ನರ್ಸ್ ಬಂದು "ಅಕ್ಕಾ, ಹತ್ತಕ್ಕ ಎಷ್ಟೈತ್ರಿ?" ಅಂದರು. ಬಾಯಿಗೆ ನಾಲ್ಕು ಬಂದಿತ್ತು. ನುಂಗಿಕೊಂಡು "ಎಂಟು" ಅಂದೆ. ಜೋರಾಗಿ ಹೇಳಿದೆನೇನೋ, ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಐದು ನಿಮಿಷದಲ್ಲಿ ಔಷಧಿ ಬಂತು. ಅಷ್ಟೇ ಇತ್ತು ಕೆಲಸ.

ಮನೆಗೆ ಬರುವಾಗ ಹೊಟ್ಟೆಗೂ ಸೀಟ್ ಬೆಲ್ಟಿಗೂ ನಡುವೆ ದಿಂಬು ಇಟ್ಟುಕೊಂಡೆ. ಹುಬ್ಬಳ್ಳಿ–ಧಾರವಾಡ ನಡುವೆ ಎಷ್ಟು ಹಂಪ್ ಇವೆ ಅಂತ ಈಗ ನನ್ನನ್ನು ಕೇಳಿ. ಮೊದಲ ವಾರ ಮಲಬದ್ಧತೆಯದ್ದೇ ದೊಡ್ಡ ಕಥೆ. ಅವ್ವ ಅಜವಾನದ ನೀರು, ನುಚ್ಚು ಮಜ್ಜಿಗೆ ಕೊಟ್ಟಳು. ಕೆಲಸ ಮಾಡಿದ್ದು ಡಾಕ್ಟರ್ ಬರೆದ ಸಿರಪ್, ಆದರೆ ಅವ್ವನಿಗೆ ಹಾಗಂತ ಹೇಳಿಲ್ಲ. ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ. ಬಂದ ದಿನ ಮನೆಯವರೆಲ್ಲ ಕೊಡ ಹೊರುವಾಗ ನಾನೊಬ್ಬಳೇ ಕಟ್ಟೆ ಮೇಲೆ ಕೂತಿದ್ದೆ. ಭಾರ ಎತ್ತುವ ಹಾಗಿರಲಿಲ್ಲ. ಓಣಿಯವರ ನೋಟ ಹೊಲಿಗೆಗಿಂತ ಜಾಸ್ತಿ ಚುಚ್ಚಿತು.

ಬಯಾಪ್ಸಿ ರಿಪೋರ್ಟಿನಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ಈಗ ದಿನಕ್ಕೊಂದು ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ, 2 ಮಿಲಿಗ್ರಾಂ. ಸಿಸ್ಟ್ ತೆಗೆದರೂ ಕಾಯಿಲೆ ಮತ್ತೆ ಬರಬಹುದು, ಅದಕ್ಕೆ. ಆಗಾಗ ಸ್ವಲ್ಪ ರಕ್ತ ಕಾಣಿಸುತ್ತೆ, ಮೂಡ್ ಕೆಡುತ್ತೆ. ಹಳೆಯ ನೋವು ಮಾತ್ರ ಈ ಮೂರು ತಿಂಗಳಲ್ಲಿ ಬಂದಿಲ್ಲ.

ಬಿಸಿನೀರಿನ ಚೀಲ ಈಗ ಅವ್ವನ ಮೊಣಕಾಲ ಮೇಲೆ. ನಿನ್ನೆ ರಾತ್ರಿ ಕೇಳಿದೆ, "ಯವ್ವಾ, ಹತ್ತಕ್ಕ ಎಷ್ಟ ಬೇ?"

"ಏನ... ಮೂರಿರಬೇಕ."

ನಮ್ಮ ಮನೆಯ ಮೂರು ಅಂದರೆ ಎಷ್ಟು ಅಂತ ನನಗೆ ಗೊತ್ತು. ಸೋಮವಾರ ಆಕೆಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.