ಒಂದು ರಾತ್ರಿಗೆಂದು ಕೇಳಿದ ಒಪ್ಪಿಗೆ, ಎಂಟು ವರ್ಷದ ಯುದ್ಧ

ನಮಸ್ಕಾರ. ಯುದ್ಧ ಶುರುವಾದರೆ ಎಲ್ಲರಿಗೂ ಗೊತ್ತಾಗುತ್ತದೆ. ಅದು ದೊಡ್ಡದಾಗುವುದು ಮಾತ್ರ ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾವಿರ ಸೈನಿಕರು ಇದ್ದ ಕಡೆ ಲಕ್ಷ ಸೈನಿಕರು ಬಂದಿರುತ್ತಾರೆ. ಯಾವಾಗ ಬಂದರು, ಯಾರನ್ನು ಕೇಳಿ ಬಂದರು ಎಂದರೆ ಜನರಿಗೆ ಹೇಳಲು ಬರುವುದಿಲ್ಲ. ಹಾಗಂತ ಜನರ ಬೆಂಬಲ ಇಲ್ಲದೆ ಚುನಾಯಿತ ಸರ್ಕಾರ ಯುದ್ಧ ಬೆಳೆಸುವುದೂ ಕಷ್ಟ. ಹಾಗಾದರೆ ಆ ಬೆಂಬಲ ಎಲ್ಲಿಂದ ಬರುತ್ತದೆ?

ಇದಕ್ಕೆ ಉತ್ತರ ಬೇಕಾದರೆ ನಾನು ಯಾವಾಗಲೂ 1964ರ ಆಗಸ್ಟ್ ಮೊದಲ ವಾರಕ್ಕೆ ಹೋಗುತ್ತೇನೆ. ಅಮೆರಿಕ, ವಿಯೆಟ್ನಾಂ. ಯಾಕೆ ಅಂದರೆ ಅಲ್ಲಿ ನಡೆದದ್ದರ ಕಾಗದಪತ್ರ ಎಲ್ಲ ಈಗ ಹೊರಗೆ ಬಂದಿದೆ. ಯಾರು ಯಾವಾಗ ಏನು ಹೇಳಿದರು, ಆ ಹೊತ್ತಿಗೆ ಅವರಿಗೆ ನಿಜವಾಗಿ ಏನು ಗೊತ್ತಿತ್ತು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಆಗ ಕಮ್ಯುನಿಸ್ಟ್ ಉತ್ತರ ವಿಯೆಟ್ನಾಂ ವಿರುದ್ಧ ನಿಂತಿದ್ದ ದಕ್ಷಿಣ ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರು ಇದ್ದರು, ಆದರೆ 'ಸಲಹೆಗಾರರು' ಎಂಬ ಹೆಸರಿನಲ್ಲಿ. 1963ರ ಕೊನೆಗೆ ಸುಮಾರು 16,000 ಜನ. ವಿಯೆಟ್ನಾಂ ಅನ್ನು ತಾತ್ಕಾಲಿಕವಾಗಿ ಉತ್ತರ, ದಕ್ಷಿಣ ಎಂದು ಬೇರ್ಪಡಿಸಿದ 1954ರ ಜಿನೀವಾ ಒಪ್ಪಂದದ ಮೇಲೆ ಕಣ್ಣಿಡಲು ಮೂರು ದೇಶಗಳ ಒಂದು ಆಯೋಗವಿತ್ತು, ಅದರ ಅಧ್ಯಕ್ಷ ಸ್ಥಾನ ಭಾರತದ್ದು. ನಮ್ಮ ಅಧಿಕಾರಿಗಳು ಉತ್ತರದ ರಾಜಧಾನಿ ಹನೋಯ್‌ನಲ್ಲೂ ಇದ್ದರು, ದಕ್ಷಿಣದ ರಾಜಧಾನಿ ಸೈಗಾನ್‌ನಲ್ಲೂ ಇದ್ದರು. ಈ ಕಥೆ ನಮಗೆ ತೀರಾ ದೂರದ್ದು ಅಂತ ನನಗೆ ಅನಿಸದಿರುವುದಕ್ಕೆ ಅದೂ ಒಂದು ಕಾರಣ.

ಆಗಸ್ಟ್ 2. ಉತ್ತರ ವಿಯೆಟ್ನಾಂ ಕರಾವಳಿಯ ಟಾಂಕಿನ್ ಕೊಲ್ಲಿಯಲ್ಲಿ ಮ್ಯಾಡಕ್ಸ್ ಎಂಬ ಅಮೆರಿಕದ ಯುದ್ಧನೌಕೆ. ಉತ್ತರ ವಿಯೆಟ್ನಾಂನ ಮೂರು ಟಾರ್ಪಿಡೊ ದೋಣಿಗಳು ಅದರ ಮೇಲೆ ನುಗ್ಗಿದವು. ಇದು ನಿಜವಾಗಿ ನಡೆದ ದಾಳಿ, ಎರಡೂ ಕಡೆಯವರು ಒಪ್ಪುತ್ತಾರೆ. ಹಡಗಿಗೆ ತಗುಲಿದ್ದು ಒಂದೇ ಒಂದು ಮೆಷಿನ್ ಗನ್ ಗುಂಡು. ಅಮೆರಿಕದವರು ಯಾರೂ ಸಾಯಲಿಲ್ಲ.

ಆದರೆ ಅದಕ್ಕೆ ಎರಡು ಮೂರು ದಿನ ಮೊದಲು ಇನ್ನೊಂದು ಸಂಗತಿ ನಡೆದಿತ್ತು. ದಕ್ಷಿಣ ವಿಯೆಟ್ನಾಂನ ಕಮಾಂಡೊಗಳು ರಾತ್ರಿ ದೋಣಿಯಲ್ಲಿ ಬಂದು ಉತ್ತರದ ಎರಡು ದ್ವೀಪಗಳ ಮೇಲೆ ಗುಂಡು ಹಾರಿಸಿ ಹೋಗಿದ್ದರು. ಆ ಕಾರ್ಯಾಚರಣೆಯ ಯೋಜನೆ ಅಮೆರಿಕದ್ದು, ದೋಣಿ ಕೊಟ್ಟದ್ದೂ ಅಮೆರಿಕ. ಅಂದರೆ ಉತ್ತರದವರ ಕಣ್ಣಿಗೆ ಮ್ಯಾಡಕ್ಸ್ ಸುಮ್ನೆ ಅಲ್ಲಿ ಹೋಗುತ್ತಿದ್ದ ಹಡಗಲ್ಲ. ಆಗಸ್ಟ್ 6ರಂದು ರಕ್ಷಣಾ ಸಚಿವ ರಾಬರ್ಟ್ ಮೆಕ್‌ನಮಾರಾ ಸೆನೆಟ್ ಸಮಿತಿಯ ಮುಂದೆ ಕೂತು ಏನು ಹೇಳಿದರು ಗೊತ್ತಾ? ಅಂಥ ದಾಳಿ ನಡೆದಿದ್ದರೂ ನಮ್ಮ ನೌಕಾಪಡೆಗೆ ಅದರಲ್ಲಿ ಪಾತ್ರವಿಲ್ಲ, ಅದರ ಸಂಬಂಧವೂ ಇಲ್ಲ, ಅದು ಗೊತ್ತೂ ಇರಲಿಲ್ಲ ಅಂದರು.

ಈಗ ಆಗಸ್ಟ್ 4ರ ರಾತ್ರಿ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಮುಂದಿನದೆಲ್ಲ ನಿಂತಿರುವುದು ಈ ರಾತ್ರಿಯ ಮೇಲೆ.

ಕಗ್ಗತ್ತಲು. ಗಾಳಿ, ಮಳೆ, ಎತ್ತರದ ಅಲೆಗಳು. ಮ್ಯಾಡಕ್ಸ್ ಜೊತೆಗೆ ಈಗ ಟರ್ನರ್ ಜಾಯ್ ಎಂಬ ಇನ್ನೊಂದು ಹಡಗು. ರಾಡಾರ್‌ನಲ್ಲಿ ಏನೋ ಕಾಣಿಸುತ್ತದೆ, ಮರೆಯಾಗುತ್ತದೆ. ನೀರಿನೊಳಗಿನ ಸದ್ದು ಹಿಡಿಯುವ ಸೋನಾರ್ ಮುಂದೆ ಕೂತವನು ಟಾರ್ಪಿಡೊ ಬಂತು, ಇನ್ನೊಂದು ಬಂತು ಎಂದು ಕೂಗುತ್ತಲೇ ಇದ್ದಾನೆ. ಎರಡೂ ಹಡಗುಗಳು ಗಂಟೆಗಟ್ಟಲೆ ಕತ್ತಲೆಗೆ ಗುಂಡು ಹೊಡೆಯುತ್ತವೆ. ಮೇಲಿನಿಂದ ಅಮೆರಿಕದ ವಿಮಾನಗಳು ಬರುತ್ತವೆ. ಅದರಲ್ಲೊಬ್ಬ ಪೈಲಟ್ ಜೇಮ್ಸ್ ಸ್ಟಾಕ್‌ಡೇಲ್. ಅವರು ತುಂಬಾ ಕೆಳಗೆ ಹಾರಿ ಹುಡುಕಿದರು. ಒಂದು ದೋಣಿಯೂ ಕಾಣಲಿಲ್ಲ. ನಮ್ಮ ಹಡಗುಗಳ ಗುಂಡು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ ಎಂದು ಅವರೇ ಮುಂದೆ ಹೇಳಿದರು.

ಹಡಗಿನಲ್ಲಿದ್ದ ಹಿರಿಯ ಅಧಿಕಾರಿ ಜಾನ್ ಹೆರಿಕ್. ಅವರಿಗೇ ಅನುಮಾನ ಬಂತು. ಕೆಲವೇ ಗಂಟೆಗಳಲ್ಲಿ ಸಂದೇಶ ಕಳಿಸಿದರು: ವರದಿಯಾದ ಎಷ್ಟೋ ದಾಳಿಗಳು ಅನುಮಾನಾಸ್ಪದ, ಕೆಟ್ಟ ಹವೆಯಿಂದ ರಾಡಾರ್ ತಪ್ಪಾಗಿ ತೋರಿಸಿರಬಹುದು, ಸೋನಾರ್‌ನವರು ಆತುರಪಟ್ಟಿರಬಹುದು, ಮ್ಯಾಡಕ್ಸ್‌ನಿಂದ ಯಾರೂ ಕಣ್ಣಾರೆ ಕಂಡಿಲ್ಲ, ಮುಂದಿನ ಹೆಜ್ಜೆ ಇಡುವ ಮೊದಲು ಪೂರ್ತಿ ಪರಿಶೀಲಿಸಿ. ಮೇಲಿನಿಂದ ಪ್ರಶ್ನೆ ಮೇಲೆ ಪ್ರಶ್ನೆ ಬಂದಾಗ, ಶುರುವಿನ ದಾಳಿ ನಿಜವಿರಬೇಕು ಎಂದು ಅವರು ಹೇಳಿದ್ದೂ ಉಂಟು. ಆದರೆ ಪರಿಶೀಲಿಸಿ ಎಂದ ಸಂದೇಶ ವಾಷಿಂಗ್ಟನ್‌ಗೆ ತಲುಪಿದಾಗ ಅಲ್ಲಿ ಇನ್ನೂ ಮಧ್ಯಾಹ್ನ. ಅದನ್ನು ಓದಿದವರಲ್ಲಿ ಡೇನಿಯಲ್ ಎಲ್ಸ್‌ಬರ್ಗ್ ಎಂಬ ಅಧಿಕಾರಿಯೂ ಒಬ್ಬರು. ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್‌ನ ಹೊಸ ಕೆಲಸದಲ್ಲಿ ಅದು ಅವರ ಮೊದಲ ದಿನ. ಏಳು ವರ್ಷದ ನಂತರ ಪೆಂಟಗನ್ ಪೇಪರ್ಸ್ ಎಂಬ ಯುದ್ಧದ ಗುಪ್ತ ದಾಖಲೆಗಳನ್ನು ಹೊರಹಾಕಿದವರು ಇವರೇ.

ಅದೇ ದಿನ ವಾಷಿಂಗ್ಟನ್‌ನಲ್ಲಿ ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಅಧ್ಯಕ್ಷ ಲಿಂಡನ್ ಜಾನ್ಸನ್ ಟಿವಿಯಲ್ಲಿ ಬಂದರು. ನಮ್ಮ ಹಡಗುಗಳ ಮೇಲೆ ಮತ್ತೆ ದಾಳಿಯಾಗಿದೆ, ಉತ್ತರ ಕೊಡುತ್ತಿದ್ದೇವೆ ಎಂದರು. ಯುದ್ಧವನ್ನು ಹಿಗ್ಗಿಸುವುದು ನಮಗೆ ಬೇಡ ಎಂದೂ ಹೇಳಿದರು. ಮಧ್ಯಾಹ್ನ ಬಂದ ಅನುಮಾನದ ಬಗ್ಗೆ ಒಂದು ಮಾತಿಲ್ಲ. ಉತ್ತರ ವಿಯೆಟ್ನಾಂ ಮೇಲೆ 64 ವಿಮಾನ ಹಾರಾಟಗಳು ನಡೆದವು.

ಮೂರೇ ದಿನ. ಆಗಸ್ಟ್ 7ಕ್ಕೆ ಅಮೆರಿಕದ ಸಂಸತ್ತು ನಿರ್ಣಯ ಪಾಸು ಮಾಡಿತು. ಕೆಳಮನೆಯಲ್ಲಿ ಚರ್ಚೆ 40 ನಿಮಿಷ, ಮತ 416ಕ್ಕೆ ಸೊನ್ನೆ. ಸೆನೆಟ್‌ನಲ್ಲಿ 88ಕ್ಕೆ 2. ಅಮೆರಿಕದ ಪಡೆಗಳ ಮೇಲಿನ ದಾಳಿ ತಡೆಯಲು, ಮುಂದಿನ ಆಕ್ರಮಣ ನಿಲ್ಲಿಸಲು ಅಧ್ಯಕ್ಷರು ಅಗತ್ಯವಾದ ಎಲ್ಲ ಕ್ರಮ ತೆಗೆದುಕೊಳ್ಳಬಹುದು ಅಂತ ಅದರ ಸಾರ. ಎಲ್ಲ ಕ್ರಮ ಅಂದರೆ ಎಷ್ಟು, ಎಲ್ಲಿಯವರೆಗೆ, ಯಾವಾಗಿನ ತನಕ, ಒಂದೂ ಇಲ್ಲ. ಸಾಲ ಕೊಡುವವನು ಖಾಲಿ ಬಾಂಡ್ ಪೇಪರಿಗೆ ಸಹಿ ಹಾಕಿಸಿಕೊಂಡ ಹಾಗೆ.

ಇಂಥ ನಿರ್ಣಯದ ಕರಡನ್ನು ಜಾನ್ಸನ್ ಅವರ ಅಧಿಕಾರಿಗಳು ಮೇ-ಜೂನ್‌ನಲ್ಲೇ ಬರೆದಿಟ್ಟಿದ್ದರು. ಟಾಂಕಿನ್ ಕೊಲ್ಲಿಯಲ್ಲಿ ಏನೂ ಆಗುವ ಮೊದಲೇ. ಕಾಗದ ರೆಡಿ ಇತ್ತು, ಅದನ್ನು ಮುಂದಿಡಲು ಒಂದು ಘಟನೆ ಬೇಕಿತ್ತು. ಆಗಸ್ಟ್ 4ರ ರಾತ್ರಿಯನ್ನು ಜಾನ್ಸನ್ ಬೇಕಂತಲೇ ಸೃಷ್ಟಿಸಿದರು ಎಂದು ನಾನು ಹೇಳುವುದಿಲ್ಲ, ಅದಕ್ಕೆ ಪುರಾವೆ ಇಲ್ಲ. ಗಾಬರಿ, ಕತ್ತಲು, ತಪ್ಪು ತಿಳುವಳಿಕೆ ಎಲ್ಲ ಸೇರಿರಬಹುದು. ನನ್ನ ತಕರಾರು ಆಮೇಲಿನದರ ಬಗ್ಗೆ. ಪರಿಶೀಲಿಸಿ ಎಂದು ಸ್ಥಳದಲ್ಲಿದ್ದವರೇ ಹೇಳುತ್ತಿದ್ದಾಗ ಪರಿಶೀಲಿಸದೆ ಹೊರಟರಲ್ಲ, ಅದು ಗಾಬರಿ ಅಲ್ಲ. ಶತ್ರುಗಳ ಸಂದೇಶ ಕದ್ದಾಲಿಸುವ ಅಮೆರಿಕದ ಎನ್‌ಎಸ್‌ಎ ಸಂಸ್ಥೆಯ ಇತಿಹಾಸಕಾರರೇ ಮುಂದೆ ಆ ರಾತ್ರಿಯ ಕದ್ದಾಲಿಕೆ ದಾಖಲೆಗಳನ್ನೆಲ್ಲ ಕೂತು ಓದಿ ಒಂದು ಲೇಖನ ಬರೆದರು. ದಾಳಿ ನಡೆದಿಲ್ಲ ಎಂದು ತೋರಿಸುವ ದಾಖಲೆಗಳೇ ಜಾಸ್ತಿ ಇದ್ದವು, ಮೇಲಕ್ಕೆ ಹೋದದ್ದು ಮಾತ್ರ ದಾಳಿಯ ಕಥೆಗೆ ಹೊಂದುವವು. ಆ ಲೇಖನ ಸಾರ್ವಜನಿಕರ ಕೈಗೆ ಬಂದದ್ದು 2005ರಲ್ಲಿ. ನಾಲ್ಕು ದಶಕದ ಮೇಲೆ.

ಸೆನೆಟ್‌ನಲ್ಲಿ ಬೇಡ ಅಂದ ಆ ಇಬ್ಬರು ಯಾರು? ಆರೆಗಾನ್‌ನ ವೇಯ್ನ್ ಮೋರ್ಸ್, ಅಲಾಸ್ಕಾದ ಅರ್ನೆಸ್ಟ್ ಗ್ರೂನಿಂಗ್. ಹಡಗಿನ ಲಾಗ್ ಪುಸ್ತಕ ಕೇಳಿ, ಅದು ನಿಜವಾಗಿ ಎಲ್ಲಿತ್ತು ಕೇಳಿ ಎಂದು ಪೆಂಟಗನ್ ಒಳಗಿನಿಂದಲೇ ಮೋರ್ಸ್‌ಗೆ ಸುಳಿವು ಬಂದಿತ್ತು. ಅವರು ಕೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಬ್ಬರಿದ್ದರು, ವಿಸ್ಕಾನ್ಸಿನ್‌ನ ಗೇಲಾರ್ಡ್ ನೆಲ್ಸನ್. ನೆಲದ ಮೇಲಿನ ದೊಡ್ಡ ಯುದ್ಧಕ್ಕೆ ಇದು ಅನುಮತಿಯಲ್ಲ ಅಂತ ನಿರ್ಣಯದಲ್ಲೇ ಒಂದು ತಿದ್ದುಪಡಿ ಸೇರಿಸೋಣ ಅಂದರು. ನಿರ್ಣಯವನ್ನು ಮುಂದೆ ನಡೆಸುತ್ತಿದ್ದ ವಿಲಿಯಂ ಫುಲ್‌ಬ್ರೈಟ್ ಅವರನ್ನು ಸಮಾಧಾನಪಡಿಸಿದರು. ತಿದ್ದುಪಡಿಯಾದರೆ ಮತ್ತೆ ಕೆಳಮನೆಗೆ ಹೋಗಬೇಕು, ತಡವಾಗುತ್ತದೆ, ಅಧ್ಯಕ್ಷರ ಮನಸ್ಸಿನಲ್ಲೂ ಅಂಥದ್ದೇನಿಲ್ಲ ಎಂದರು. ಫುಲ್‌ಬ್ರೈಟ್ ಅದನ್ನು ನಂಬಿಯೇ ಹೇಳಿದ್ದು. ಎರಡು ವರ್ಷದೊಳಗೆ ಅದೇ ಫುಲ್‌ಬ್ರೈಟ್ ಟಿವಿ ಕ್ಯಾಮೆರಾಗಳ ಮುಂದೆ ಯುದ್ಧದ ವಿಚಾರಣೆ ನಡೆಸಿ ಸರ್ಕಾರವನ್ನು ಪ್ರಶ್ನಿಸುತ್ತಿದ್ದರು. ಆದರೆ ಆ ಹೊತ್ತಿಗೆ ಸಹಿ ಬಿದ್ದು ಹೋಗಿತ್ತು.

ಜನರನ್ನು ನಾನು ದೂರುವುದಿಲ್ಲ. ನಮ್ಮ ಹುಡುಗರ ಹಡಗಿನ ಮೇಲೆ ಎರಡು ಸಲ ದಾಳಿ ಆಯಿತು ಎಂದು ಅಧ್ಯಕ್ಷರೇ ಟಿವಿಯಲ್ಲಿ ಹೇಳಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಹ್ಯಾರಿಸ್ ಸಮೀಕ್ಷೆಯಲ್ಲಿ ಜಾನ್ಸನ್ ಅವರ ವಿಯೆಟ್ನಾಂ ನೀತಿಗೆ ಬೆಂಬಲ ಶೇ 42ರಿಂದ ಶೇ 72ಕ್ಕೆ ಏರಿತು. ಆ ಜನ ಒಪ್ಪಿದ್ದು ಒಂದು ರಾತ್ರಿಯ ಪ್ರತಿದಾಳಿಗೆ. ಐದು ಲಕ್ಷ ಸೈನಿಕರಿಗೆ ಅಲ್ಲ.

ಜೋರಾಗಿ ಹೇಳುವ ಕೆಲಸ ಇಲ್ಲಿಗೆ ಮುಗಿಯಿತು. ಇಲ್ಲಿಂದ ಮುಂದೆ ಎಲ್ಲ ಮೆಲ್ಲಗೆ. ಯುದ್ಧಕ್ಕೆ ಬೆಂಬಲ ಗಳಿಸುವುದು ಅಂದರೆ ನಮ್ಮ ತಲೆಗೆ ಬರುವುದು ಭಾಷಣ, ಬಾವುಟ, ಟಿವಿಯ ಕೂಗಾಟ. ನನಗೆ ಅದಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಆಮೇಲಿನ ಈ ಮೌನ.

ಅಕ್ಟೋಬರ್‌ನಲ್ಲಿ ಚುನಾವಣಾ ಪ್ರಚಾರ. ಏಷ್ಯಾದ ಹುಡುಗರು ತಾವೇ ಮಾಡಬೇಕಾದ ಕೆಲಸಕ್ಕೆ ನಮ್ಮ ಹುಡುಗರನ್ನು ಒಂಬತ್ತು ಹತ್ತು ಸಾವಿರ ಮೈಲಿ ದೂರ ಕಳಿಸುವುದಿಲ್ಲ ಎಂದು ಆಕ್ರನ್ ಊರಿನಲ್ಲಿ ಜಾನ್ಸನ್ ಹೇಳಿದರು. ನವೆಂಬರ್‌ನಲ್ಲಿ ಭಾರಿ ಬಹುಮತದಿಂದ ಗೆದ್ದರು. 1965ರ ಮಾರ್ಚ್ 8ಕ್ಕೆ ದನಾಂಗ್ ಕಡಲ ತೀರದಲ್ಲಿ 3,500 ನೌಕಾ ಯೋಧರು ಇಳಿದರು. ವಿಮಾನ ನೆಲೆಯ ಕಾವಲಿಗೆ ಅಂದರು. ಏಪ್ರಿಲ್ 6ರಂದು ಅವರ ಕೆಲಸ ಬದಲಾಯಿತು, ಕಾವಲು ಬಿಟ್ಟು ಹೊರಗೆ ಹೋಗಿ ಹೋರಾಡಲು ಅನುಮತಿ ಸಿಕ್ಕಿತು. ಆ ಆದೇಶದಲ್ಲೇ ಒಂದು ಸೂಚನೆ ಇದೆ: ಇದಕ್ಕೆ ಪ್ರಚಾರ ಸಿಗದಂತೆ ಎಲ್ಲ ಎಚ್ಚರ ವಹಿಸಿ, ನೀತಿ ದಿಢೀರ್ ಬದಲಾದಂತೆ ಕಾಣಬಾರದು. ಸೈನಿಕನಿಗೆ ಸಾಯುವ ಕೆಲಸ ಕೊಟ್ಟಿದ್ದಾರೆ, ಅವನ ಮನೆಯವರಿಗೆ ಅದು ತಿಳಿಯಬಾರದು.

ಜುಲೈ 28 ಬಂತು. ಸೈನಿಕರ ಸಂಖ್ಯೆ 75,000ದಿಂದ 1,25,000ಕ್ಕೆ. ಇಷ್ಟು ದೊಡ್ಡ ನಿರ್ಧಾರ. ದೇಶವೆಲ್ಲ ಟಿವಿ ನೋಡುವ ರಾತ್ರಿ ಹೊತ್ತಿನಲ್ಲಿ ಹೇಳಿದರಾ? ಇಲ್ಲ. ಮಧ್ಯಾಹ್ನದ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಅದೇ ಗೋಷ್ಠಿಯಲ್ಲಿ ಸುಪ್ರೀಂ ಕೋರ್ಟಿಗೆ ಏಬ್ ಫೋರ್ಟಸ್ ಅವರ ಹೆಸರನ್ನೂ ಪ್ರಕಟಿಸಿದರು. ಮೀಸಲು ಪಡೆ ಕರೆಯಲಿಲ್ಲ, ಕರೆದರೆ ಊರೂರಲ್ಲಿ ಚರ್ಚೆ ಆಗುತ್ತಿತ್ತು. 1968ರ ಹೊತ್ತಿಗೆ ಅಲ್ಲಿದ್ದ ಅಮೆರಿಕನ್ ಸೈನಿಕರು ಐದು ಲಕ್ಷ ದಾಟಿದ್ದರು. ಪ್ರತಿ ಹೆಜ್ಜೆಗೂ ಅವರು ತೋರಿಸುತ್ತಿದ್ದದ್ದು ಅದೇ ಆಗಸ್ಟ್ 7ರ ನಿರ್ಣಯ.

ಯುದ್ಧದಲ್ಲಿ ಕೆಲವು ವಿಷಯ ಗುಟ್ಟಾಗಿರಬೇಕಲ್ವಾ, ಎಲ್ಲ ಹೇಳಿದರೆ ಶತ್ರುವಿಗೆ ಗೊತ್ತಾಗುವುದಿಲ್ವಾ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಲು ಒಂದು ಕೆಲಸ ಮಾಡಿ: ಯಾರಿಂದ ಗುಟ್ಟು ಅಂತ ನೋಡಿ. ಆಗಸ್ಟ್ 4ರಂದು ತಮ್ಮ ದೋಣಿ ಹೋಗಿತ್ತೋ ಇಲ್ಲವೋ ಎಂಬುದು ಹನೋಯ್‌ಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ದ್ವೀಪದ ಮೇಲೆ ಗುಂಡು ಹಾರಿಸಿದವರು ಯಾರು ಅಂತಲೂ ಗೊತ್ತಿತ್ತು. ಜಾನ್ಸನ್ ನಂತರ ಅಧ್ಯಕ್ಷರಾದ ರಿಚರ್ಡ್ ನಿಕ್ಸನ್ ಕಾಲಕ್ಕೆ ಬನ್ನಿ. 1969ರ ಮಾರ್ಚ್‌ನಿಂದ ಅಮೆರಿಕದ ಬಿ-52 ವಿಮಾನಗಳು ಪಕ್ಕದ ದೇಶ ಕಾಂಬೋಡಿಯಾದ ಮೇಲೆ ಬಾಂಬ್ ಹಾಕಿದವು. ಒಂದು ವರ್ಷಕ್ಕೂ ಜಾಸ್ತಿ, ಮೂರು ಸಾವಿರಕ್ಕೂ ಹೆಚ್ಚು ಹಾರಾಟ. ದಾಖಲೆಯಲ್ಲಿ ದಕ್ಷಿಣ ವಿಯೆಟ್ನಾಂನಲ್ಲಿ ಹಾಕಿದ ಹಾಗೆ ಬರೆದರು. 1970ರ ಏಪ್ರಿಲ್ 30ರಂದು ಕಾಂಬೋಡಿಯಾದೊಳಗೆ ಸೈನ್ಯ ಕಳಿಸುವುದನ್ನು ಪ್ರಕಟಿಸುತ್ತಾ ನಿಕ್ಸನ್ ಟಿವಿಯಲ್ಲಿ ಹೇಳಿದ್ದು, ಐದು ವರ್ಷದಿಂದ ನಾವು ಅಲ್ಲಿನ ಶತ್ರು ನೆಲೆಗಳ ಮೇಲೆ ಕೈ ಎತ್ತಿಲ್ಲ ಎಂದು. ಬಾಂಬ್ ಬಿದ್ದ ಹಳ್ಳಿಯವರಿಗೆ ಬಾಂಬ್ ಬಿದ್ದದ್ದು ಗೊತ್ತಿಲ್ಲವಾ? ಹನೋಯ್‌ಗೆ ಗೊತ್ತಿಲ್ಲವಾ? ಗೊತ್ತಿಲ್ಲದೆ ಇದ್ದವರು ಮತ ಹಾಕುವ, ತೆರಿಗೆ ಕಟ್ಟುವ, ಮಗನನ್ನು ಸೈನ್ಯಕ್ಕೆ ಕಳಿಸುವ ಅಮೆರಿಕದ ಜನ. ಗುಟ್ಟು ಇದ್ದದ್ದು ಅವರಿಂದ. ನನಗೆ ಈ ಇಡೀ ಕಥೆಯಲ್ಲಿ ತಡೆಯಲಾಗದಷ್ಟು ಸಿಟ್ಟು ಬರುವ ಜಾಗ ಇದು.

ಆ ಯುದ್ಧದಲ್ಲಿ ಸತ್ತ ಅಮೆರಿಕನ್ನರು 58,000ಕ್ಕೂ ಹೆಚ್ಚು. ವಿಯೆಟ್ನಾಂ ಸರ್ಕಾರದ ಲೆಕ್ಕದಲ್ಲಿ ಸತ್ತ ವಿಯೆಟ್ನಾಮೀಯರು ಸುಮಾರು 30 ಲಕ್ಷ, ಅದರಲ್ಲಿ 20 ಲಕ್ಷ ಸಾಮಾನ್ಯ ಜನ. ಮೋರ್ಸ್, ಗ್ರೂನಿಂಗ್ ಇಬ್ಬರೂ 1968ರಲ್ಲಿ ತಮ್ಮ ಸೀಟು ಕಳೆದುಕೊಂಡರು. 1971ರ ಜನವರಿಯಲ್ಲಿ ನಿರ್ಣಯ ರದ್ದಾಯಿತು. ಯುದ್ಧ ಮಾತ್ರ ನಿಲ್ಲಲಿಲ್ಲ. ಅಮೆರಿಕ ಹೊರಬರುವ ಒಪ್ಪಂದಕ್ಕೆ ಸಹಿ ಬಿದ್ದದ್ದು 1973ರ ಜನವರಿಯಲ್ಲಿ. ಆ ವರ್ಷದ ಕೊನೆಗೆ, ಅಧ್ಯಕ್ಷರು ಸಂಸತ್ತನ್ನು ಕೇಳದೆ ಯುದ್ಧ ಎಳೆಯಬಾರದು, 60 ದಿನದ ಗಡುವು ಅಂತ ಕಾನೂನೂ ಬಂತು.

ಇದೆಲ್ಲ ಹಳೆಯ ಕಾಲದ್ದು ಅನ್ನಬೇಡಿ. 2001ರ ಸೆಪ್ಟೆಂಬರ್ 14, ಅವಳಿ ಗೋಪುರ ಬಿದ್ದು ಮೂರೇ ದಿನ. ಆ ದಾಳಿ ನಿಜ, ಸತ್ತವರು ನಿಜ, ದುಃಖವೂ ನಿಜ. ಆ ದಾಳಿ ಮಾಡಿದವರ ಮೇಲೆ ಸೇನೆ ಬಳಸಲು ಅಧ್ಯಕ್ಷರಿಗೆ ಅನುಮತಿ ಕೊಡುವ ನಿರ್ಣಯ ಆಗ ಬಂತು, ಅದರ ಮುಖ್ಯ ಭಾಗ ಸುಮಾರು 60 ಪದ. ದೇಶದ ಹೆಸರಿಲ್ಲ, ಮುಗಿಯುವ ದಿನವಿಲ್ಲ. ಸೆನೆಟ್‌ನಲ್ಲಿ 98ಕ್ಕೆ ಸೊನ್ನೆ, ಕೆಳಮನೆಯಲ್ಲಿ 420ಕ್ಕೆ 1. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದ್ದು. ತಾನು ಯಾಕೆ ಬೇಡ ಅಂದೆ ಎಂದು ವಿವರಿಸುವಾಗ ಅವರು ನೆನಪಿಸಿದ್ದು 1964ರ ನಿರ್ಣಯವನ್ನು, ವೇಯ್ನ್ ಮೋರ್ಸ್ ಹೆಸರನ್ನು. ಅವರಿಗೆ ಕೊಲೆ ಬೆದರಿಕೆಗಳು ಬಂದವು, ಪೊಲೀಸ್ ಕಾವಲು ಹಾಕಬೇಕಾಯಿತು. ಅದೇ ಕಾನೂನನ್ನು ಹಿಡಿದು ಅಫ್ಘಾನಿಸ್ತಾನದ ಆಚೆ ಯೆಮೆನ್, ಸೊಮಾಲಿಯಾದಲ್ಲೂ ದಾಳಿಗಳು ನಡೆದವು. 2014ರಲ್ಲಿ ಸಿರಿಯಾದಲ್ಲಿ ಐಸಿಸ್ ಮೇಲೆ ಬಾಂಬ್ ಹಾಕುವಾಗಲೂ ಒಬಾಮಾ ಸರ್ಕಾರ ತೋರಿಸಿದ್ದು ಅದನ್ನೇ. 2001ರಲ್ಲಿ ಆ ಹೆಸರಿನ ಸಂಘಟನೆಯೇ ಇರಲಿಲ್ಲ. ಆ ಹೊಸ ಯುದ್ಧಕ್ಕೆ ಅನುಮತಿ ಕೊಡುವ ಹೊಸ ಕಾನೂನನ್ನು ಅಮೆರಿಕದ ಸಂಸತ್ತು ಪಾಸು ಮಾಡಲಿಲ್ಲ.