ಹಳೇ ನೋವು ಒಬ್ಬರೇ ಹೊರಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುತ್ತಾ ರೇಡಿಯೋ ಕೇಳುತ್ತಿರುವವರೇ, ಇವತ್ತಿನ ಮಾತು ನಿಮಗೇ.

3 ತಿಂಗಳು ದಾಟಿದರೂ ಬಿಡದ ನೋವು ದೀರ್ಘಕಾಲದ ನೋವು. ಅಷ್ಟೊತ್ತಿಗೆ ಎಷ್ಟೋ ಸಲ ಪೆಟ್ಟು ಮಾಗಿರುತ್ತದೆ. ಆದರೆ ನರಗಳು ಸೂಕ್ಷ್ಮವಾಗಿಬಿಟ್ಟಿರುತ್ತವೆ, ಸಣ್ಣದಕ್ಕೂ ಕೂಗು ಹಾಕುತ್ತವೆ. ನೋವೇನೂ ಸುಳ್ಳಲ್ಲ. ನಿದ್ದೆಗೆಟ್ಟರೆ, ಚಿಂತೆ ಹತ್ತಿದರೆ ಅದೇ ನೋವು ಜಾಸ್ತಿಯಾಗುತ್ತದೆ. ಅದಕ್ಕೇ ಒಬ್ಬ ಡಾಕ್ಟರು, ಒಂದು ಮಾತ್ರೆ ಸಾಲದು. ಡಾಕ್ಟರು, ನರ್ಸು, ನನ್ನಂಥ ಫಿಸಿಯೋಥೆರಪಿಸ್ಟು, ಮನಶ್ಶಾಸ್ತ್ರಜ್ಞರು ಎಲ್ಲ ಒಟ್ಟಿಗೆ ಸೇರಬೇಕು. ನೋವಿರುವ ಹತ್ತು ಹನ್ನೆರಡು ಜನರನ್ನೂ ಒಟ್ಟಿಗೇ ಕೂರಿಸಿಕೊಂಡು ವಾರವಾರ ಕಲಿಸಬೇಕು. ಅಮೆರಿಕದಲ್ಲಿ ಜಾನ್ ಬೋನಿಕಾ ಅನ್ನುವ ಅರಿವಳಿಕೆ ವೈದ್ಯರು 1960ರ ದಶಕದಲ್ಲೇ ಇಂಥ ತಂಡ ಕಟ್ಟಿದ್ದರು.

ನಮ್ಮ ಗುಂಪಿಗೆ ತೀರ್ಥಹಳ್ಳಿ ಕಡೆಯ ಒಬ್ಬರು ಅಮ್ಮ ಬರುತ್ತಿದ್ದರು. ಸೊಂಟನೋವು. ನೋವು ಕಡಿಮೆಯಿದ್ದ ದಿನ ಮೆಟ್ಟುಗತ್ತಿ ಮುಂದೆ ಕೂತರೆ ಬುಟ್ಟಿಗಟ್ಟಲೆ ಅಡಿಕೆ ಸುಲಿದೇ ಏಳುವುದು. ಆಮೇಲೆ ಮೂರು ದಿನ ಹಾಸಿಗೆ. ನಾನು ಎಷ್ಟು ಹೇಳಿದರೂ ತಲೆಯಾಡಿಸುತ್ತಿದ್ದರು, ಅಷ್ಟೇ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಮಂಡಿನೋವಿನ ನಿವೃತ್ತ ಕಂಡಕ್ಟರು ಕೇಳಿದರು: "ಅಕ್ಕಾ, ನೀವು ಏಳೋದು ಯಾವಾಗ?"

"ಇನ್ನು ಆಗೋದೇ ಇಲ್ಲ ಅಂದಾಗ."

"ನಾನೂ ಹಂಗೇ ಮಾಡ್ತಿದ್ದೆ. ಈಗ ಮಂಡಿನ ಕೇಳಲ್ಲ, ಗಡಿಯಾರ ನೋಡಿ ಏಳ್ತೀನಿ."

ಅವತ್ತು ಅವರಿಗೆ ನಾಟಿತು. ಅಲ್ಲಿಂದ 20 ನಿಮಿಷ ಸುಲಿಯುವುದು, ನೋವಿರಲಿ ಬಿಡಲಿ ಎದ್ದು ಅಂಗಳಕ್ಕೆ ಹೋಗುವುದು, ಒಣಹಾಕಿದ ಅಡಿಕೆಯನ್ನು ಒಂದು ಸುತ್ತು ಕೈಯಾಡಿಸಿ ಬಂದು ಮತ್ತೆ ಕೂರುವುದು. ಸೊಂಟ ಪೂರ್ತಿ ವಾಸಿಯಾಯಿತು ಅಂತ ಹೇಳುವುದಿಲ್ಲ. ಆದರೆ ಆ ವರ್ಷದ ಕೊಯ್ಲಿನಲ್ಲಿ ಅವರು ಹಾಸಿಗೆ ಹಿಡಿಯಲಿಲ್ಲ. ನಾನು ಹೇಳಿದ್ದೂ ಅದನ್ನೇ, ಆದರೆ ಅವರು ಕೇಳಿದ್ದು ಕಂಡಕ್ಟರ ಮಾತನ್ನು. ಅದಕ್ಕೇ ಗುಂಪು ಬೇಕು ಅನ್ನುವುದು, ಅಲ್ವಾ?

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ನೋವು ಅಂತ ಪೂರ್ತಿ ಮಲಗಿಬಿಡಬೇಡಿ. ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ಸುಮ್ನೆ ನುಂಗಬೇಡಿ, ಕಿಡ್ನಿಗೆ ಪೆಟ್ಟು. ಇದನ್ನು ಇನ್ನೆಷ್ಟು ಸಲ ಹೇಳಬೇಕೋ! ಆದರೆ ಕಾಲು ಮರಗಟ್ಟಿದರೆ, ಮೂತ್ರ ಕಟ್ಟಿದರೆ ತಡ ಮಾಡದೆ ಅವತ್ತೇ ಆಸ್ಪತ್ರೆಗೆ ಹೋಗಿ.

ನಮ್ಮೂರಲ್ಲಿ ಗುಂಪೆಲ್ಲಿದೆ ಅನ್ನುತ್ತೀರಾ? ಸ್ತ್ರೀಶಕ್ತಿ ಸಂಘ ವಾರವಾರ ಸೇರುತ್ತದಲ್ಲ, ಅಲ್ಲೇ ಈ ಮಾತು ತೆಗೆಯಿರಿ. ನೋವಿರುವ ನಾಲ್ಕು ಜನ ಆರೋಗ್ಯ ಕೇಂದ್ರಕ್ಕೆ ಹೋಗಿ, ವಾರಕ್ಕೊಮ್ಮೆ ಫಿಸಿಯೋಥೆರಪಿಸ್ಟನ್ನು ಕಳಿಸಿಕೊಡಿ ಅಂತ ಕೇಳಿ. ಒಬ್ಬೊಬ್ಬರೇ ಹೋಗಬೇಡಿ, ಒಟ್ಟಿಗೇ ಹೋಗಿ. ನಮಸ್ಕಾರ.